ಮೊದಲು ನಕ್ಷೆ, ಆಮೇಲೆ ದಿಕ್ಸೂಚಿ

ನಮ್ಮ ಹೈಸ್ಕೂಲಿನ ಗೈಡ್ಸ್ ಹುಡುಗಿಯರಿಗೆ ಮೊದಲ ವರ್ಷ "ನಾಳೆ ಎಲ್ಲರೂ ಕಂಪಾಸ್ ತನ್ನಿ" ಎಂದಿದ್ದೆ. ಮರುದಿನ ಹದಿನಾಲ್ಕು ಜನವೂ ಜಾಮಿಟ್ರಿ ಬಾಕ್ಸ್ ಹಿಡಿದು ಬಂದರು. ತಪ್ಪು ಅವರದಲ್ಲ, ಶಾಲೆಯಲ್ಲಿ ಕಂಪಾಸ್ ಅಂದರೆ ಅದೇ ಅಲ್ವಾ? ಅವತ್ತಿನಿಂದ ದಿಕ್ಸೂಚಿ ಅಂತಲೇ ಹೇಳುತ್ತೇನೆ. ಅದನ್ನು ಕೈಗೆ ಕೊಡುವುದೂ ಮೂರನೇ ವಾರದಲ್ಲೇ.

ಮೊದಲು ಬೇಕಾದ್ದು ನಕ್ಷೆ. ಸರ್ವೆ ಆಫ್ ಇಂಡಿಯಾದ 1:50,000 ಟೋಪೋಶೀಟ್, ಅಂದರೆ ಗುಡ್ಡ, ಹಳ್ಳ, ದಾರಿ ಎಲ್ಲಾ ತೋರಿಸುವ ವಿವರವಾದ ನಕ್ಷೆ, ತೆಗೆದುಕೊಳ್ಳಿ. ಅದರಲ್ಲಿ 2 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ. ಪಿಡಿಎಫ್‌ನಿಂದ ಪ್ರಿಂಟ್ ಹಾಕಿಸುವುದಾದರೆ ಜೆರಾಕ್ಸ್ ಅಂಗಡಿಯವರಿಗೆ "ಪೇಜಿಗೆ ಫಿಟ್ ಮಾಡಬೇಡಿ, ಇದ್ದ ಅಳತೆಯಲ್ಲೇ ಹಾಕಿ" ಎಂದು ಹೇಳಿ. ಪ್ರಿಂಟ್ ಕೈಗೆ ಬಂದ ಕೂಡಲೇ ಸ್ಕೇಲ್ ಇಟ್ಟು ನೋಡಿ. ನಕ್ಷೆಯ ಕೆಳಗಿನ ಅಳತೆಪಟ್ಟಿಯಲ್ಲಿ 1 ಕಿ.ಮೀ. ಸರಿಯಾಗಿ 2 ಸೆಂ.ಮೀ. ಇರಬೇಕು.

ಬಣ್ಣಗಳಲ್ಲಿ ಒಂದು ಕಡೆ ಎಲ್ಲರೂ ಎಡವುತ್ತಾರೆ. ನಾನೂ ಎಡವಿದ್ದೇನೆ. ನಕ್ಷೆಯಲ್ಲಿ ಅಂಕುಡೊಂಕಾದ ಕಪ್ಪು ಗೆರೆ ಕಂಡಿತು, ಕಾಲುದಾರಿ ಅಂದುಕೊಂಡು ಮಕ್ಕಳನ್ನು ಮುಂದೆ ಬಿಟ್ಟೆ. ಹತ್ತು ನಿಮಿಷಕ್ಕೆ "ಮಿಸ್, ಇಲ್ಲಿ ದಾರೀನೇ ಇಲ್ಲ, ಬರೀ ಮರಳು" ಎಂಬ ಕೂಗು. ಅದು ಬತ್ತಿದ ಹಳ್ಳ. ಈ ನಕ್ಷೆಗಳಲ್ಲಿ ಮಳೆಗಾಲಕ್ಕಷ್ಟೇ ಹರಿಯುವ ಹಳ್ಳ ಕಪ್ಪು, ವರ್ಷಪೂರ್ತಿ ನೀರಿರುವುದು ನೀಲಿ, ದಾರಿಗಳು ಕೆಂಪು.

ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಕಂದು ಬಣ್ಣದ ಕಾಂಟೂರ್ ಗೆರೆಗಳನ್ನು ನಾನು ಕಲಿಸುವುದು ಕ್ಯಾಂಪಿನ ಊಟದ ತಟ್ಟೆಯಲ್ಲಿ. ಮುದ್ದೆಯನ್ನು ಒಂದು ಕಡೆ ಕಡಿದಾಗಿ, ಇನ್ನೊಂದು ಕಡೆ ಇಳಿಜಾರಾಗಿ ಒತ್ತಿ. ಸಾರನ್ನು ಸೌಟು ಸೌಟಾಗಿ ಬಿಡುತ್ತಾ ಹೋಗಿ. ಪ್ರತಿ ಸಲ ಸಾರಿನ ಅಂಚು ಮುದ್ದೆಗೆ ತಾಗಿದ ಕಡೆ ಚಮಚದ ತುದಿಯಿಂದ ಗೀರಿ. ಆಮೇಲೆ ಮೇಲಿನಿಂದ ಬಗ್ಗಿ ನೋಡಲಿ. ಕಡಿದಾದ ಕಡೆ ಗೀರುಗಳು ಒತ್ತೊತ್ತಾಗಿ, ಇಳಿಜಾರಿನ ಕಡೆ ದೂರದೂರ ಕಾಣುತ್ತವೆ. ನಕ್ಷೆಯಲ್ಲಿ ಸಾಮಾನ್ಯವಾಗಿ ಒಂದು ಗೆರೆಗೂ ಮುಂದಿನದಕ್ಕೂ 20 ಮೀಟರ್ ಎತ್ತರದ ವ್ಯತ್ಯಾಸ. ಪಾಠ ಮುಗಿದ ಮೇಲೆ ಗುಡ್ಡವನ್ನು ನುಂಗಬಹುದು.

ಇನ್ನು ನಕ್ಷೆಯನ್ನು ನೆಲಕ್ಕೆ ಹೊಂದಿಸುವುದು. ಕೆರೆ ಏರಿ ಮೇಲೆ ಅದನ್ನು ಹಾಸಿ. ಕಣ್ಣಿಗೆ ಕಾಣುವ ಎರಡು ಗುರುತು ಹಿಡಿದು, ಅವು ಇರುವ ಕಡೆಗೇ ಕಾಗದದ ಮೇಲಿನ ಗುರುತುಗಳೂ ಬರುವಂತೆ ನಕ್ಷೆ ತಿರುಗಿಸಿ. ನಾವು ಮಾಗಡಿ ಕಡೆ ಹೋದಾಗ ಸಾವನದುರ್ಗ ಒಂದು ಗುರುತು. ಅಷ್ಟು ದೊಡ್ಡ ಬಂಡೆಯನ್ನು ಯಾರೂ ತಪ್ಪು ಹಿಡಿಯಲಾರರು. ಅಕ್ಷರಗಳು ತಲೆಕೆಳಗಾದರೆ ಮಕ್ಕಳು ಮುಜುಗರಪಟ್ಟು ನಕ್ಷೆಯನ್ನು ನೆಟ್ಟಗೆ ಮಾಡುತ್ತಾರೆ. ಬಿಡಬೇಡಿ. ತಲೆಕೆಳಗಾಗಿಯೇ ಓದಲಿ.

ಈಗ ದಿಕ್ಸೂಚಿ. ಪಾರದರ್ಶಕ ಪಟ್ಟಿ ಇರುವಂಥದ್ದು ಕೊಳ್ಳಿ. ವಿದೇಶದಿಂದ ಯಾರಾದರೂ ತಂದುಕೊಟ್ಟರೆ ಮೊದಲು ಪರೀಕ್ಷಿಸಿ. ಭೂಮಿಯ ಕಾಂತೀಯ ಸಮಭಾಜಕ ರೇಖೆ, ಅಂದರೆ ಮುಳ್ಳು ಮೇಲೆ ಕೆಳಗೆ ವಾಲದೆ ಮಟ್ಟಸವಾಗಿ ನಿಲ್ಲುವ ರೇಖೆ, ನಮ್ಮ ದೇಶದ ದಕ್ಷಿಣ ತುದಿಯ ಹತ್ತಿರವೇ ಹೋಗುತ್ತದೆ. 1963ರಲ್ಲಿ ಕೇರಳದ ತುಂಬಾ ಎಂಬ ಊರಿನಿಂದ ರಾಕೆಟ್ ಹಾರಿಸಿದ್ದೂ ಅದೇ ಕಾರಣಕ್ಕೆ. ಯುರೋಪಿಗಾಗಿ ತೂಕ ಹೊಂದಿಸಿದ ಮುಳ್ಳು ಇಲ್ಲಿ ಒಂದು ಕಡೆ ವಾಲಿ, ತಳಕ್ಕೆ ಉಜ್ಜಿ ನಿಂತುಬಿಡಬಹುದು.

ಬಳಸುವ ಕ್ರಮ ಹೀಗೆ. ಪಟ್ಟಿಯ ಅಂಚನ್ನು ನೀವಿರುವ ಜಾಗದಿಂದ ಹೋಗಬೇಕಾದ ಜಾಗಕ್ಕೆ ಇಡಿ, ಬಾಣ ಹೋಗುವ ಕಡೆಗಿರಲಿ. ಡಿಗ್ರಿ ಬರೆದಿರುವ ಚಕ್ರ ತಿರುಗಿಸಿ ಅದರೊಳಗಿನ ಗೆರೆಗಳನ್ನು ನಕ್ಷೆಯ ಉತ್ತರದ ಗೆರೆಗಳಿಗೆ ಸಮನಾಗಿ ನಿಲ್ಲಿಸಿ, ಚಕ್ರದ ಉತ್ತರ ನಕ್ಷೆಯ ಮೇಲ್ಭಾಗಕ್ಕಿರಲಿ. ಇಲ್ಲಿಯವರೆಗೆ ಮುಳ್ಳಿನ ಗೊಡವೆ ಬೇಡ. ಈಗ ಎದೆಯ ಹತ್ತಿರ ಹಿಡಿದು, ಕೆಂಪು ಮುಳ್ಳು ತಳದಲ್ಲಿರುವ ಬಾಣದೊಳಗೆ ಕೂರುವವರೆಗೆ ನೀವೇ ತಿರುಗಿ. ಪಟ್ಟಿಯ ಬಾಣ ತೋರಿಸುವ ಕಡೆ ಒಂದು ಮರವನ್ನೋ ಬಂಡೆಯನ್ನೋ ಗುರುತು ಮಾಡಿಕೊಂಡು ಅಲ್ಲಿಗೆ ನಡೆಯಿರಿ. ಮುಳ್ಳನ್ನೇ ನೋಡುತ್ತಾ ನಡೆದರೆ ಹೊಂಡಕ್ಕೆ ಬೀಳುತ್ತೀರಿ, ಅಷ್ಟೆ. ಮೊಬೈಲ್ ಬ್ಯಾಗಿನಲ್ಲಿರಲಿ, ಕಬ್ಬಿಣದ ಗೋಲ್ ಕಂಬದ ಪಕ್ಕ ನಿಂತು ನೋಡಬೇಡಿ, ಮುಳ್ಳು ತಪ್ಪು ದಿಕ್ಕು ತೋರಿಸುತ್ತದೆ. ಮುಳ್ಳು ತೋರಿಸುವ ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಮ್ಮಲ್ಲಿ ಒಂದೆರಡು ಡಿಗ್ರಿ ವ್ಯತ್ಯಾಸ ಅಷ್ಟೇ, ಮಕ್ಕಳಿಗೆ ಸುಮ್ನೆ ಬಿಟ್ಟುಬಿಡಿ.

ಮೈದಾನದಲ್ಲಿ ಅಭ್ಯಾಸಕ್ಕೆ ತ್ರಿಕೋನದ ಆಟ ಸಾಕು. ಕಾಲ ಬಳಿ ಕಲ್ಲು ಇಟ್ಟು, ಚಕ್ರವನ್ನು 0 ಡಿಗ್ರಿಗೆ, ಅಂದರೆ ಉತ್ತರಕ್ಕೆ, ಹೊಂದಿಸಿ ಆ ಕಡೆ 40 ಹೆಜ್ಜೆ, ಆಮೇಲೆ 120ಕ್ಕೆ 40, 240ಕ್ಕೆ 40. ಸರಿಯಾಗಿ ನಡೆದರೆ ತನ್ನ ಕಲ್ಲಿನ ಹತ್ತಿರವೇ ಬಂದು ನಿಲ್ಲುತ್ತಾಳೆ.

ದೂರ ಅಳೆಯಲು 100 ಮೀಟರ್ ಹಗ್ಗ ಎಳೆದು, ಎಡಗಾಲು ಊರಿದಾಗಷ್ಟೇ ಎಣಿಸಲಿ. ನನಗೆ 66 ಬರುತ್ತದೆ, ಎಂಟನೇ ಕ್ಲಾಸಿನ ಪುಟ್ಟಿಗೆ 80. ಪ್ರತಿ ನೂರು ಮೀಟರಿಗೆ ಒಂದು ಹುಣಸೆ ಬೀಜ ಎಡ ಜೇಬಿನಿಂದ ಬಲ ಜೇಬಿಗೆ ಹೋಗಬೇಕು.

ಹೊರಗೆ ಹೋಗುವಾಗ ಒಂದು ಕಡೆ ಡಾಂಬರು ರಸ್ತೆ, ಇನ್ನೊಂದು ಕಡೆ ಕೆರೆ ಏರಿ ಇರುವ ಜಾಗ ಆರಿಸಿ. ಎಷ್ಟೇ ದಾರಿ ತಪ್ಪಿದರೂ ಯಾವುದಾದರೂ ಒಂದಕ್ಕೆ ಬಂದು ತಾಗುತ್ತಾರೆ. ಕಾಡಿನ ಜಾಗವಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. ನಾಲ್ಕು ಜನರ ಗುಂಪು, ಪ್ರತಿಯೊಬ್ಬರ ಕೊರಳಲ್ಲೂ ಸೀಟಿ, ಹಿಂದೆ ಒಬ್ಬರು ದೊಡ್ಡವರು. ಆ ದೊಡ್ಡವರು ಮಧ್ಯೆ ಬಾಯಿ ಹಾಕಬಾರದು. ನನಗೆ ಇದೇ ಜಾಸ್ತಿ ಕಷ್ಟ, ಅದಕ್ಕೇ ಹೊರಡುವಾಗ ಬಾಯಿಗೊಂದು ಲವಂಗ ಹಾಕಿಕೊಂಡುಬಿಡುತ್ತೇನೆ.