ತಾಯಿ-ಮಗು ಒಟ್ಟಿಗಿರುವ ವ್ಯಸನಮುಕ್ತಿ ಕೇಂದ್ರಕ್ಕೆ ನೆರವಾಗುವುದು ಹೇಗೆ?

ಮಗುವನ್ನು ಯಾರ ಕೈಗೆ ಒಪ್ಪಿಸಲಿ ಎಂಬ ಚಿಂತೆಯಲ್ಲೇ ಎಷ್ಟೋ ತಾಯಂದಿರು ಚಿಕಿತ್ಸೆ ಮುಂದೂಡುತ್ತಾರೆ. ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಬಾರದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಆದರೆ ತೊಟ್ಟಿಲು, ಆಯಾ, ಹಾಲು ಇವಕ್ಕೆಲ್ಲ ದುಡ್ಡು ಬೇಕಲ್ಲ!

ಮೊದಲು ಕೇಂದ್ರಕ್ಕೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇದೆಯೇ ಕೇಳಿ. ತೆರಿಗೆ ರಿಯಾಯಿತಿ ಬೇಕಿದ್ದರೆ 2,000 ರೂಪಾಯಿ ಮೀರಿದ ಮೊತ್ತವನ್ನು ನಗದಾಗಿ ಕೊಡಬೇಡಿ. ವಿದೇಶಿ ಪೌರತ್ವ ಪಡೆದ ಕನ್ನಡಿಗರಿಂದ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅಡಿ ನೋಂದಣಿ ಇಲ್ಲವೇ ಪೂರ್ವಾನುಮತಿಯುಳ್ಳ ಸಂಸ್ಥೆ ಮಾತ್ರ ದೇಣಿಗೆ ಪಡೆಯಬಹುದು.

ಒಮ್ಮೆಗೆ ಕೊಡುವ 6,000ಕ್ಕಿಂತ ತಿಂಗಳಿಗೆ 500ರಂತೆ ವರ್ಷವಿಡೀ ಕೊಡುವುದೇ ಮೇಲು. ತಾಯಿ ಆಪ್ತಸಮಾಲೋಚನೆಯಲ್ಲಿ ಕೂತ ಹೊತ್ತು ಮಗುವನ್ನು ಎತ್ತಿಕೊಳ್ಳುವ ಆಯಾಳ ಸಂಬಳ ತಿಂಗಳು ತಿಂಗಳು ಬರಬೇಕು.

ಸಾಮಾನು ಕೊಡುವವರು ಹೆಚ್ಚಾಗಿ ಎಡವುವುದು ಇಲ್ಲೇ. ಚೀಲ ಕಟ್ಟುವ ಮುನ್ನ ಪ್ರತಿ ಬಾಟಲಿಯ ಹಿಂದಿನ ಸಣ್ಣಕ್ಷರ ಓದಿ. ಆಲ್ಕೋಹಾಲ್ ಇರುವ ಸ್ಯಾನಿಟೈಸರ್, ಮೌತ್‌ವಾಶ್, ಸೆಂಟು ಬೇಡ. ಕೆಮ್ಮಿನ ಸಿರಪ್, ವೈಟ್ನರ್, ನೇಲ್ ಪಾಲಿಶ್ ರಿಮೂವರ್ ಕೂಡ ಬೇಡ. ಕುಡಿದೋ ಮೂಸಿಯೋ ಮತ್ತೆ ಚಟಕ್ಕೆ ಜಾರಲು ಇಷ್ಟೇ ಸಾಕು. ತಾಯಿಹಾಲಿನ ಬದಲು ಶಿಶುವಿಗೆ ಕೊಡುವ ಹಾಲಿನ ಪುಡಿ, ಹಾಲುಣಿಸುವ ಬಾಟಲಿಗಳನ್ನು ಅನಾಥಾಲಯ ಬಿಟ್ಟು ಬೇರೆಡೆ ದಾನ ಮಾಡುವಂತಿಲ್ಲ. ಶಿಶು ಆಹಾರ ಕುರಿತ 1992ರ ಕಾಯ್ದೆ ಇದನ್ನು ತಡೆಯುತ್ತದೆ. ಒಗೆದು ಒಣಗಿಸಿದ ಹತ್ತಿ ಬಟ್ಟೆ, ಡೈಪರ್, ಸ್ಯಾನಿಟರಿ ಪ್ಯಾಡ್, ರಾಗಿ ಹಿಟ್ಟು ಒಯ್ಯಿರಿ. ಡೈಪರ್ ಅಳತೆಯನ್ನು ಫೋನಿನಲ್ಲೇ ಕೇಳಿಕೊಳ್ಳಿ.

ಫೋಟೊ ತೆಗೆಯಬೇಡಿ. ನಾಳೆ ಆ ಮಗು ಶಾಲೆಯಲ್ಲಿ ಮಾತು ಕೇಳಬೇಕಾಗುತ್ತದೆ. ತಾಯಿ ಮತ್ತೆ ಚಟಕ್ಕೆ ಬಿದ್ದಳೆಂದು ದೇಣಿಗೆ ನಿಲ್ಲಿಸಲೂಬೇಡಿ. ಆ ತಿಂಗಳೇ ಖರ್ಚು ಹೆಚ್ಚು. ನೆರೆಹೊರೆಯಲ್ಲಿ ಯಾರಿಗಾದರೂ ಚಿಕಿತ್ಸೆ ಬೇಕಿದ್ದರೆ 14446 ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಿಸಿ.