ರನ್‌ವೇ ಸಾಮರ್ಥ್ಯ ಕುಸಿದ ದಿನ ಡಿಸ್ಪ್ಯಾಚರ್ ಮಾಡಬೇಕಾದ ಕೆಲಸ

ಅಮೆರಿಕದಲ್ಲಿ ವೇಳಾಪಟ್ಟಿಯಂತೆ ಹಾರುವ ವಿಮಾನಗಳ ಪೂರ್ವಯೋಜನೆ, ವಿಳಂಬ ಮತ್ತು ಬಿಡುಗಡೆಯ ಹೊಣೆಯನ್ನು ನಿಯಮವು ಕ್ಯಾಪ್ಟನ್ ಹಾಗೂ ಡಿಸ್ಪ್ಯಾಚರ್ (ಸಂಸ್ಥೆಯ ಪರವಾಗಿ ನೆಲದಿಂದಲೇ ಹಾರಾಟವನ್ನು ಯೋಜಿಸಿ ಗಮನಿಸುವವರು) ಇಬ್ಬರ ಮೇಲೂ ಜಂಟಿಯಾಗಿ ಹೊರಿಸಿದೆ. 1990ರ ದಶಕದಲ್ಲಿ ಎಫ್‌ಎಎ (ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ) ಮತ್ತು ವಿಮಾನಯಾನ ಸಂಸ್ಥೆಗಳು ಮಾಹಿತಿ ಹಂಚಿಕೊಂಡು ಒಟ್ಟಾಗಿ ತೀರ್ಮಾನಿಸುವ ಪದ್ಧತಿ ಬೆಳೆದ ಮೇಲೆ, ಡಿಸ್ಪ್ಯಾಚರ್ ವಿಳಂಬದ ಆದೇಶವನ್ನು ಪಾಲಿಸುವವರಷ್ಟೇ ಆಗಿ ಉಳಿಯದೆ ದಟ್ಟಣೆಯ ನಿರ್ವಹಣೆಯಲ್ಲಿ ಪಾಲುದಾರರಾದರು.

ಪಾಳಿ ಆರಂಭವಾದೊಡನೆ, ವರ್ಜೀನಿಯಾದ ವಾರೆಂಟನ್‌ನಲ್ಲಿರುವ ಎಫ್‌ಎಎ ಕಮಾಂಡ್ ಸೆಂಟರ್ ಹೊರಡಿಸಿದ ದಟ್ಟಣೆ ನಿರ್ವಹಣೆಯ ಯೋಜನೆಯನ್ನು ನಿಲ್ದಾಣಗಳ ಹವಾಮಾನ ಮುನ್ಸೂಚನೆಯ ಪಕ್ಕದಲ್ಲಿಟ್ಟು ಓದಿ. ಮಧ್ಯಾಹ್ನ ಗುಡುಗು ಮಳೆಯ ಸಂಭವವಿದ್ದರೆ, ಆಗಸದಲ್ಲಿ ಕಾಯುವುದಕ್ಕೂ ಸುತ್ತು ಮಾರ್ಗಕ್ಕೂ ಬೇಕಾಗುವ ಇಂಧನವನ್ನು ಆಗಲೇ ಲೆಕ್ಕ ಹಾಕಿ, ಅದೇ ಮಳೆಗೆ ಸಿಲುಕದ ಪರ್ಯಾಯ ನಿಲ್ದಾಣವನ್ನು ಆರಿಸಿ.

ಇಳಿಯುವ ನಿಲ್ದಾಣದ ಸಾಮರ್ಥ್ಯ ಕುಸಿದಾಗ ಗ್ರೌಂಡ್ ಡಿಲೇ ಪ್ರೋಗ್ರಾಂ ಜಾರಿಯಾಗಿ, ಅಲ್ಲಿಗೆ ಹೋಗಬೇಕಾದ ವಿಮಾನಗಳು ಹೊರಡುವ ಊರಿನಲ್ಲೇ ನಿಲ್ಲುತ್ತವೆ. ಪ್ರತಿ ವಿಮಾನಕ್ಕೂ ಹೊರಡುವ ಸಮಯವೊಂದು ಸಿಗುತ್ತದೆ. ಅದರಿಂದ ಐದು ನಿಮಿಷ ಹಿಂದೆ ಅಥವಾ ಮುಂದೆ, ಅಷ್ಟರೊಳಗೆ ವಿಮಾನ ನೆಲ ಬಿಡಬೇಕು. ಈ ಘಟ್ಟದಲ್ಲಿ ಡಿಸ್ಪ್ಯಾಚರ್‌ ವಿವೇಚನೆಗೆ ಅತಿ ಹೆಚ್ಚಿನ ಬೆಲೆಯಿದೆ. ಸಂಸ್ಥೆಯು ತನ್ನ ಪಾಲಿನ ಸ್ಲಾಟ್‌ಗಳನ್ನು (ಇಳಿಯಲು ಗೊತ್ತುಮಾಡಿದ ಸಮಯಗಳನ್ನು) ತನ್ನದೇ ವಿಮಾನಗಳ ನಡುವೆ ಅದಲುಬದಲು ಮಾಡಬಹುದಾದ್ದರಿಂದ, ಸಿಬ್ಬಂದಿಯ ಕರ್ತವ್ಯದ ಅವಧಿ ಮುಗಿಯುತ್ತಿರುವ ಅಥವಾ ಮುಂದಿನ ವಿಮಾನ ಹಿಡಿಯಬೇಕಾದ ಪ್ರಯಾಣಿಕರು ಹೆಚ್ಚಿರುವ ವಿಮಾನವನ್ನು ಬೇಗನೆಯ ಸ್ಲಾಟ್‌ಗೆ ತನ್ನಿ. ಆದರೆ ಆ ಹೊತ್ತಿಗೆ ಅದು ನಿಜವಾಗಿಯೂ ತಲುಪಬಲ್ಲದೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.

ರದ್ದಾಗುವ ವಿಮಾನವನ್ನು ತಡಮಾಡದೆ ವ್ಯವಸ್ಥೆಗೆ ತಿಳಿಸಿ. ಹಿಂದೆ ರದ್ದತಿಯನ್ನು ತಿಳಿಸಿದರೆ ಸ್ಲಾಟ್ ಕೈತಪ್ಪುತ್ತಿದ್ದುದರಿಂದ ಸಂಸ್ಥೆಗಳು ಹಿಂಜರಿಯುತ್ತಿದ್ದವು. ಈಗ ಹಂಚಿಕೆ ಮೂಲ ವೇಳಾಪಟ್ಟಿಯ ಕ್ರಮದಲ್ಲಿ ನಡೆಯುತ್ತದೆ. ತನ್ನಿಂದ ಬಳಸಲಾಗದ ಸ್ಲಾಟನ್ನು ಬಿಟ್ಟುಕೊಟ್ಟ ಸಂಸ್ಥೆಗೆ ಅದರ ಬದಲು ಬಳಸಬಹುದಾದ ಸ್ಲಾಟ್ ಸಿಗುವಂತೆ ಉಳಿದ ವಿಮಾನಗಳನ್ನು ಬೇಗನೆಯ ಸ್ಲಾಟ್‌ಗಳಿಗೆ ಸರಿಸಲಾಗುತ್ತದೆ. ಮಾಹಿತಿಯನ್ನು ಬಚ್ಚಿಟ್ಟರೆ ಖಾಲಿ ಸ್ಲಾಟ್ ಯಾರಿಗೂ ದಕ್ಕದೆ ಹೋಗುತ್ತದೆ ಎಂಬ ಕಾರಣಕ್ಕೆ ಈ ಹೆಜ್ಜೆಯನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ.

ಸಮಯ ಅಥವಾ ಮಾರ್ಗ ಬದಲಾದಾಗಲೆಲ್ಲ ಇಂಧನವನ್ನು ಮತ್ತೆ ಲೆಕ್ಕ ಹಾಕಿ, ಕಾರಣವನ್ನೂ ಸೇರಿಸಿ ಕ್ಯಾಪ್ಟನ್‌ಗೆ ತಿಳಿಸಿ. ಹಾರಾಟ ಆರಂಭವಾದ ಮೇಲೂ ಅದರ ಪ್ರಗತಿಯನ್ನು ಗಮನಿಸುತ್ತಿರಬೇಕು. ಗಾಳಿಯಲ್ಲಿ ಕಾಯುವ ಸೂಚನೆ ಬಂದರೆ, ಪರ್ಯಾಯ ನಿಲ್ದಾಣಕ್ಕೆ ತಿರುಗಲೇಬೇಕಾದ ಇಂಧನದ ಮಟ್ಟವನ್ನು ಇಬ್ಬರೂ ಮೊದಲೇ ಒಪ್ಪಿಕೊಂಡು, ಆ ಪರ್ಯಾಯ ನಿಲ್ದಾಣದಲ್ಲೂ ದಟ್ಟಣೆ ಏರುತ್ತಿದೆಯೇ ಎಂಬುದನ್ನು ನೋಡುತ್ತಿರಿ.