ಜಲವಿದ್ಯುತ್ ನಿಯಮದ ಕರಡಿಗೆ ಆಕ್ಷೇಪಣೆ ಬರೆಯುವುದು ಹೇಗೆ?

ಉಡುಪಿ ಜಿಲ್ಲೆಯ ಹೊಸಂಗಡಿಯಲ್ಲಿರುವ ವಾರಾಹಿ ಭೂಗರ್ಭ ವಿದ್ಯುದಾಗಾರದ ಸಾಮರ್ಥ್ಯ 460 ಮೆಗಾವಾಟ್. ಹೊಳೆ ನಮ್ಮದು, ಕರೆಂಟ್ ಬಿಲ್ ಕಟ್ಟುವವರೂ ನಾವು. ಹೀಗಿರುವಾಗ ನೀರಿನ ವಿದ್ಯುತ್ತು ಯಾವ ನಿಯಮದಡಿ ಮಾರಾಟವಾಗಬೇಕು ಎಂಬ ಮಾತಿನಲ್ಲಿ ನಾವೂ ಇರಬೇಕು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 181ನೇ ಕಲಂ ಪ್ರಕಾರ, ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ನಿಯಮಾವಳಿಯನ್ನು ಮೊದಲು ಕರಡಾಗಿ ಪ್ರಕಟಿಸಲೇಬೇಕು. ನಿಮ್ಮ ಪತ್ರಕ್ಕೆ ಅದೇ ಸಮಯ.

ಮೊದಲು ಆಯೋಗದ ಜಾಲತಾಣದಿಂದ ಕರಡನ್ನು ಇಳಿಸಿಕೊಂಡು, ಆಕ್ಷೇಪಣೆಯ ಕೊನೆಯ ದಿನಾಂಕವನ್ನು ಗುರುತು ಹಾಕಿಕೊಳ್ಳಿ. ಆಮೇಲೆ ದರದ ಭಾಗವನ್ನು ಹುಡುಕಿ. 62ನೇ ಕಲಂ ಅಡಿ ಆಯೋಗವೇ ದರ ನಿಗದಿ ಮಾಡುತ್ತದೆ; 63ನೇ ಕಲಂ ಪ್ರಕಾರ ಬಿಡ್ಡಿಂಗ್‌ನಲ್ಲಿ ಬಂದ ದರವನ್ನು ಒಪ್ಪಿಕೊಳ್ಳುತ್ತದೆ. ಕರಡು ಯಾವ ದಾರಿ ಹಿಡಿದಿದೆ ಎಂದು ಗೊತ್ತಾದರೆ ಸ್ಪರ್ಧೆಗೆ ಎಷ್ಟು ಜಾಗವಿದೆ ಎಂಬುದೂ ಗೊತ್ತಾಗುತ್ತದೆ.

ಬ್ಯಾಂಕಿಂಗ್ ಅಂಶವನ್ನು ಮಾತ್ರ ಎರಡು ಸಲ ಓದಿ. ಕರಾವಳಿಯ ಹೊಳೆಗಳು ಜೂನ್‌ನಿಂದ ಉಕ್ಕಿ ಹರಿದು ಬೇಸಿಗೆಯಲ್ಲಿ ಕಲ್ಲು ತೋರಿಸುತ್ತವೆ. ಜಲಾಶಯವಿಲ್ಲದ ಕಿರು ಸ್ಥಾವರದ ದುಡಿಮೆಯೂ ಹೆಚ್ಚಿನಂಶ ಮಳೆಗಾಲದ್ದೇ. ಮಿಕ್ಕ ವಿದ್ಯುತ್ತನ್ನು ಗ್ರಿಡ್‌ಗೆ ಒಪ್ಪಿಸಿ ಮುಂದೆ ವಾಪಸು ಪಡೆಯುವುದೇ ಬ್ಯಾಂಕಿಂಗ್. ಕೇಂದ್ರದ 2022ರ ಹಸಿರು ಇಂಧನ ಮುಕ್ತ ಪ್ರವೇಶ (ಗ್ರಿಡ್ ಮೂಲಕ ಬೇಕಾದ ಉತ್ಪಾದಕರಿಂದ ವಿದ್ಯುತ್ತು ಪಡೆಯುವ ಅವಕಾಶ) ನಿಯಮಗಳು ಕನಿಷ್ಠ ತಿಂಗಳ ಲೆಕ್ಕದಲ್ಲಿ ಇದನ್ನು ಕೊಡಬೇಕು ಎನ್ನುತ್ತವೆ. ಆ ಕನಿಷ್ಠಕ್ಕೇ ನಿಂತರೆ ಜುಲೈನ ಯೂನಿಟ್ಟು ಜನವರಿಗೆ ಸಿಗುವುದಿಲ್ಲ. ಸೌರ ವಿದ್ಯುತ್ತಿಗೆ ಇದರಿಂದ ಅಷ್ಟು ನಷ್ಟವಿಲ್ಲ, ಹೊಳೆಯನ್ನು ನಂಬಿದವರಿಗೆ ದೊಡ್ಡ ಪೆಟ್ಟು. ಆದರೆ ಮಳೆಗಾಲದ ಯೂನಿಟ್ಟನ್ನು ಬೇಸಿಗೆಯಲ್ಲಿ ಹಿಂತಿರುಗಿಸಲು ನಮ್ಮ ವಿದ್ಯುತ್ ಸರಬರಾಜು ಕಂಪನಿ ಮೆಸ್ಕಾಂ ದುಬಾರಿ ವಿದ್ಯುತ್ತು ಕೊಳ್ಳಬೇಕಾಗಬಹುದು, ಆ ಹೊರೆ ಮನೆಬಳಕೆಯವರ ಮೇಲೂ ಬೀಳುತ್ತದೆ. ಆದ್ದರಿಂದ ಋತುವಿಗೆ ಹೊಂದುವ ಅವಧಿಯನ್ನೂ ಅದಕ್ಕೆ ನ್ಯಾಯವಾದ ಶುಲ್ಕವನ್ನೂ ಒಟ್ಟಿಗೇ ಕೇಳಿ. ಒಂದನ್ನು ಬಿಟ್ಟು ಇನ್ನೊಂದನ್ನು ಕೇಳುವುದು ಸರಿಯೆಂದು ನನಗೆ ಅನಿಸುವುದಿಲ್ಲ.

ಬರೆಯುವಾಗ ಪೈಸೆಯ ಲೆಕ್ಕ ಕೊಡಿ. ಉದಾಹರಣೆಗೆ, 40 ಕೋಟಿ ರೂಪಾಯಿಯ 5 ಮೆಗಾವಾಟ್ ಸ್ಥಾವರ ವರ್ಷದಲ್ಲಿ ತನ್ನ ಶಕ್ತಿಯ ಶೇ 30ರಷ್ಟು ದುಡಿದರೆ 1.31 ಕೋಟಿ ಯೂನಿಟ್ ಸಿಗುತ್ತದೆ. ಶೇ 70ರಷ್ಟು ಸಾಲವೆಂದರೆ 28 ಕೋಟಿ. ನಿಯಮ ಪದೇ ಪದೇ ಬದಲಾಗುವ ಭಯದಿಂದ ಬಡ್ಡಿ ಶೇ 1 ಏರಿದರೆ ಮೊದಲ ವರ್ಷ 28 ಲಕ್ಷ, ಅಂದರೆ ದರದಲ್ಲಿ ಯೂನಿಟ್ಟಿಗೆ ಸುಮಾರು 21 ಪೈಸೆಯ ಹೆಚ್ಚುವರಿ ಹೊರೆ. ಸ್ಥಿರ ನಿಯಮ ಬಂಡವಾಳಗಾರನಿಗೆ ಮಾತ್ರ ಬೇಕಾದದ್ದಲ್ಲ ಎಂಬುದಕ್ಕೆ ಈ 21 ಪೈಸೆಗಿಂತ ಬೇರೆ ಸಾಕ್ಷಿ ಬೇಡ. ಬೇಸಿಗೆಯಲ್ಲಿ ಹೊಳೆಗೆ ಬಿಡಲೇಬೇಕಾದ ನೀರಿನ ಪ್ರಮಾಣ ಬಿಡ್ಡಿಂಗ್‌ಗೆ ಮೊದಲೇ ತಿಳಿದಿರಬೇಕೆಂದೂ ಸೇರಿಸಿ. ಇಲ್ಲದಿದ್ದರೆ ಕೆಳಗಿನ ತೋಟದವರ ನೀರನ್ನು ನಂಬಿಕೊಂಡು ಕಡಿಮೆ ದರ ಹೇಳುವವನೇ ಗೆಲ್ಲುತ್ತಾನೆ.

ಪತ್ರ ಆಯೋಗದ ಕಾರ್ಯದರ್ಶಿಯ ಹೆಸರಿಗಿರಲಿ. ಕಲಂ ಸಂಖ್ಯೆ, ನಿಮ್ಮ ಆಕ್ಷೇಪ, ಬದಲಿಗೆ ಬೇಕಾದ ವಾಕ್ಯ, ಇಷ್ಟಿದ್ದರೆ ಸಾಕು. ಆಯೋಗದ ಪ್ರಕಟಣೆಯಲ್ಲಿ ಪ್ರಮಾಣಪತ್ರ (ಅಫಿಡವಿಟ್) ಕೇಳಿದ್ದರೆ ನೋಟರಿಯಿಂದ ಮಾಡಿಸಿ. ವಿಚಾರಣೆಯಲ್ಲಿ ಮಾತನಾಡುವ ಇಚ್ಛೆಯಿದ್ದರೆ ಅದನ್ನೂ ಪತ್ರದಲ್ಲೇ ತಿಳಿಸಿ.

ಅಂತಿಮ ನಿಯಮ ಬಂದಾಗ ನಿಮ್ಮ ವಾಕ್ಯದ ಜಾಗದಲ್ಲಿ ಏನಿದೆ ಎಂದು ಹೋಲಿಸಿ ನೋಡಿ. ದರದ ಆದೇಶವಾಗಿದ್ದರೆ 45 ದಿನಗಳೊಳಗೆ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ನಿಯಮಾವಳಿಯನ್ನೇ ಪ್ರಶ್ನಿಸುವುದಾದರೆ ಹೈಕೋರ್ಟಿಗೇ ಹೋಗಬೇಕು.